ಬಾಲದ ತಗಡಿನ ಹಿಂದೆ

ಭಾನುವಾರ, ಮಧ್ಯಾಹ್ನ ಮೂರು
ವಿಮಾನದ ಹ್ಯಾಂಗರಿನ ಮೂಲೆ, ಕುಂಟು ಸ್ಟೂಲಿನ ಮೇಲಿಂದ

ನನ್ನ ಮುನಿಸುಗಾತಿ ಮಗಳೇ,

ಹರಿದು ಬಿಸಾಡಬೇಡ, ಓದು. ನಿನಗೆ ಕೆಲಸ ಸಿಕ್ಕಿದೆ ಅಂತ ತಮಾಷೆಗೆ ನಾನೇ ಟೈಪು ಮಾಡಿ ಕಳಿಸಿದ್ದೆನಲ್ಲ, ಅಂಥ ಪತ್ರ ಅಲ್ಲ ಇದು. ಅದನ್ನು ಹಿಡಿದು ಆ ಆಫೀಸಿಗೆ ಹೋಗಿ, ಎಲ್ಲರೆದುರು ನಗೆಪಾಟಲಾಗಿ, ನೀನು ಮನೆ ಬಿಟ್ಟು ಇಪ್ಪತ್ತೆರಡು ವರ್ಷವಾಯಿತು.

ಎರಡು ಸಾಲು ಬರೆಯುತ್ತೇನೆ, ಎದ್ದು ವಿಮಾನಕ್ಕೊಂದು ಸುತ್ತು ಹಾಕುತ್ತೇನೆ, ಮತ್ತೆ ಕೂರುತ್ತೇನೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಮ್ಯೂಸಿಯಮ್ಮಿನ ಹಳೇ ಬಾಂಬರ್ ವಿಮಾನಕ್ಕೆ ನಾನು ಇನ್ನೂ ತಗಡು ಕೂರಿಸಿ ರಿವೆಟ್ ಹೊಡೆಯುತ್ತಿದ್ದೇನೆ. ತುಕ್ಕು ಹಿಡಿದ ಮುದುಕಿಗೆ ತಿಕ್ಕಲು ಹಿಡಿದ ಮುದುಕ. ತಗಡು ಮುಚ್ಚುವ ಮುಂಚೆ ಒಳಗಡೆ ಏನಾದರೂ ಗೀಚುವುದು ನಮ್ಮ ಕೆಲಸದವರ ಚಾಳಿ. ರಿವೆಟ್ ಬಿದ್ದ ಮೇಲೆ ಅದು ದೇವರಿಗೂ ಕಾಣದು. ಆಗ, ನೀನು ಮನೆ ಬಿಟ್ಟ ವಾರವೇ, ಬಾಲದ ತುದಿಯಲ್ಲಿ ಬಂದೂಕಿನವನು ಕೂರುವ ಗೂಡಿನೊಳಗೆ, ನಾನು ಮೊಳೆಯಲ್ಲಿ ಕೊರೆದೆ: 'ಅಮ್ಮಾ, ಊಟಕ್ಕೆ ಕಾಯಬೇಡ.'

ಹೋದ ತಿಂಗಳು ಆ ತಗಡು ಬಿಚ್ಚಿದರು. ಮ್ಯೂಸಿಯಂ ಮೇಡಂ ಓದಿ ಅತ್ತೇಬಿಟ್ಟರು. ಯುದ್ಧದಲ್ಲಿ ಆ ಗೂಡಿನಲ್ಲೇ ಸತ್ತ ಹುಡುಗನ ಕೊನೇ ಮಾತು ಅದು ಅಂತ ತೀರ್ಮಾನವಾಯಿತು. ಬರುವ ಗುರುವಾರ ಅದರ ಮೇಲೆ ಗಾಜು ಕೂರಿಸುತ್ತಾರೆ, ಪಕ್ಕದಲ್ಲಿ ಅವನ ಹೆಸರಿನ ಫಲಕ. ನಾನು ಬಾಯಿಗೂ ರಿವೆಟ್ ಹೊಡೆದುಕೊಂಡು ಕೂತೆ. ಹೇಳಿದರೆ ಹ್ಯಾಂಗರಿನಿಂದ ಆಚೆಗೆ. ಮಾನ ಉಳಿಸಿಕೊಳ್ಳಲೋ, ವಿಮಾನ ಉಳಿಸಿಕೊಳ್ಳಲೋ?

ಇವತ್ತು ಆ ಹುಡುಗನ ತಂಗಿ ಬಂದರು. ತೊಂಬತ್ತರ ಹತ್ತಿರ. ಏಣಿ ಹತ್ತಿಸಿದ್ದು ನಾನೇ. ಒಂದೊಂದೇ ಅಕ್ಷರ ಬೆರಳಲ್ಲಿ ಸವರಿ, "ಅಮ್ಮ ಸಾಯೋವರ್ಗೂ ಅಣ್ಣನ ತಟ್ಟೆ ಹಾಕ್ತಿದ್ಲಪ್ಪಾ. ಈ ಒಂದು ಮಾತು ಅವಳ ಕಿವಿಗೆ ಬಿದ್ದಿದ್ರೆ..." ಅಂದರು.

ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. "ಅಮ್ಮಾ, ಇದನ್ನ ಬರ್ದಿದ್ದು ನಾನು" ಅಂದುಬಿಟ್ಟೆ.

ಕೆಳಗಿನಿಂದ ಮೇಡಂ, "ಅಜ್ಜಾ, ಇವತ್ತಾದ್ರೂ ನಿಮ್ಮ ತಮಾಷೆ ಬಿಡಿ!" ಅಂದರು. ಉಳಿದವರು ನಕ್ಕರು. ಇಷ್ಟು ವರ್ಷ ಸುಳ್ಳು ಹೇಳಿದಾಗೆಲ್ಲ ನಂಬಿದ ಜನ! ಆ ತಂಗಿ ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡಿ, "ಯಾರಮ್ಮನಿಗೆ ಬರ್ದಿದ್ದು?" ಅಂತ ಕೇಳಿದರು. ನಾನು ಇಳಿದು ಬಂದು ಈ ಕಾಗದ ಹಿಡಿದು ಕೂತೆ.

ಮಗಾ, ಗುರುವಾರದೊಳಗೆ ಒಮ್ಮೆ ಬಾ. ಆ ಅಕ್ಷರ ನೋಡಿ ನಿಜ ಹೇಳಬಲ್ಲವಳು ನೀನೊಬ್ಬಳೇ. ಸತ್ತ ಹುಡುಗನ ಬಾಯಲ್ಲಿ ನಾನು ತುರುಕಿದ ಮಾತನ್ನು ಹೊರಗೆ ತೆಗೆಯಬೇಕು. ಹ್ಯಾಂಗರಿನಿಂದ ಓಡಿಸಿದರೆ ಓಡಿಸಲಿ.

ಇಂತಿ,
ಈ ಸಲ ನಗಿಸಲಾಗದ ನಿನ್ನ ಕೋಡಂಗಿ ಅಪ್ಪ

ತಾ.ಕ.: ಅದು ನಿನ್ನ ಅಕ್ಷರ. ನೀನು ಹೋದ ದಿನ ಅಡುಗೆಮನೆ ಕಟ್ಟೆಯ ಮೇಲೆ ಬಿಟ್ಟ ಚೀಟಿಯಲ್ಲಿ ಇದ್ದದ್ದು ಆ ಒಂದು ಮಾತಷ್ಟೇ. ಸಂಜೆಗೆ ನೀನೇ ಬರುತ್ತೀಯ ಅಂದುಕೊಂಡು, ನಿನ್ನಮ್ಮ ನೋಡುವ ಮುಂಚೆ ಜೇಬಿಗೆ ಹಾಕಿಕೊಂಡೆ. ಅದು ಅಂಗಿಯ ಜೊತೆ ಒಗೆತಕ್ಕೆ ಹೋಗಿ ಮುದ್ದೆಯಾಯಿತು. ಅದಕ್ಕೇ ನಿನ್ನ ಅಕ್ಷರ ಮರೆಯುವ ಮುಂಚೆ ತಗಡಿನ ಮೇಲೆ ಹಾಗೆಯೇ ಕೊರೆದಿಟ್ಟೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಅವಳು ಕಾಯುತ್ತಲೇ ಇದ್ದಾಳೆ.