ಭಂಕೂರದ ಸರೋವರ

ಆಗಸ್ಟ್ 6, ಮಂಗಳವಾರ
ವಾಡಿಯಿಂದ ಬರುವ ಪ್ಯಾಸೆಂಜರ್ ಇವತ್ತೂ ಲೇಟು. ಶಹಾಬಾದಿನಲ್ಲಿ ಇಳಿದು ಆಟೋ ಹಿಡಿದು, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಭಂಕೂರದ ಶಾಲೆ ಮುಟ್ಟಿದೆ. ಆರನೇ ಕ್ಲಾಸಿಗೆ ಭೂಗೋಳ. ಪಾಠದಲ್ಲಿ ಸರೋವರದ ದಂಡೆಯ ಚಿಕ್ಕ ಪ್ರಾಂತ, ಅದರ ರಾಜಧಾನಿ, ದೋಣಿ, ಮೀನು... ಮಕ್ಕಳೆಲ್ಲ ಆಕಳಿಸಿದರು. ಅವರ ತಪ್ಪಲ್ಲ. ಈ ಬಿಸಿಲುನಾಡಿನಲ್ಲಿ ಸರೋವರ ಕಂಡವರು ಯಾರು?

ಹುಮೇರಾ ಒಬ್ಬಳೇ ಎದ್ದಳು. "ಟೀಚರ್, ನಮ್ಮ ಮನಿ ಹಿಂದಿನ ಖಣಿಯೊಳಗ ಭಾಳ ನೀರು ನಿಂತದ. ಅದು ಸರೋವರ ಅಲ್ಲೇನ್ರಿ?"

ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ. ಸರಿ, ಅದೇ ಸರೋವರ, ಭಂಕೂರವೇ ರಾಜಧಾನಿ ಅಂದುಬಿಟ್ಟೆ. ಕ್ಲಾಸು ಹೋ ಎಂದಿತು.

ಆಗಸ್ಟ್ 8
ಗೋಡೆಯ ಮೇಲೆ ನಕ್ಷೆ ಬರೆದೆವು. ಸ್ಟೇಷನ್, ರಸ್ತೆ, ತೊಗರಿ ಹೊಲ, ನಡುವೆ ನಮ್ಮ ಸರೋವರ. ಪುಸ್ತಕದಲ್ಲಿದ್ದ ಹಾಗೆಯೇ ದಂಡೆಗೆ ತೆಳು ನೀಲಿ, ನಡುವೆ ಗಾಢ ನೀಲಿ. ತೆಳು ಎಂದರೆ ಮೊಣಕಾಲು ನೀರು, ಗಾಢ ಎಂದರೆ ಆಳ — ಎರಡೆರಡು ಸಲ ಹೇಳಿಸಿದೆ. ಹೆಡ್‌ಮಾಸ್ಟರ್ ಅಶೋಕಕುಮಾರ ಸರ್ ಫೋಟೋ ತೆಗೆದು ವಾಟ್ಸಪ್ ಗ್ರೂಪಿಗೆ ಹಾಕಿದರು. ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ.

ಆಗಸ್ಟ್ 12, ಸಂಜೆ
ನಿನ್ನೆ ಹುಮೇರಾ ಖಣಿಯ ನೀರಿಗೆ ಬಿದ್ದಳು. ಪಕ್ಕದಲ್ಲಿ ಕಲ್ಲು ಲೋಡ್ ಮಾಡುತ್ತಿದ್ದ ಸರ್ದಾರ ಎಂಬಾತ ಹಾರಿ, ಜಡೆ ಹಿಡಿದು ಎಳೆದನಂತೆ. ಜೀವ ಉಳಿಯಿತು.

ಶಾಲೆ ಬಿಟ್ಟ ಮೇಲೆ ಆಸ್ಪತ್ರೆಗೆ ಹೋದೆ. ತಾಯಿ ನೀರು ತರಲು ಎದ್ದು ಹೋದಾಗ ಹುಮೇರಾ ಪಿಸುಗುಟ್ಟಿದಳು: "ನಡುವ ಹೋಗಿಲ್ರಿ ಟೀಚರ್. ತೆಳು ನೀಲಿ ಇದ್ದಲ್ಲೇ ಕಾಲಿಟ್ಟೆ."

ನಾನು ಹುಟ್ಟಿ ಬೆಳೆದದ್ದು ವಾಡಿಯಲ್ಲಿ, ಇಂಥವೇ ಖಣಿಗಳ ನಡುವೆ. ಖಣಿಯ ದಂಡೆ ಗೋಡೆಯಂತೆ ನೆಟ್ಟಗೆ ಇಳಿಯುತ್ತದೆ, ಕಾಲಿಟ್ಟಲ್ಲೇ ಮೂರಾಳು ನೀರು ಎಂದು ಗೊತ್ತಿಲ್ಲದವಳೇ ನಾನು? ಗೊತ್ತಿದ್ದೂ ಬಣ್ಣ ಬಳಿದೆ.

ಆಗಸ್ಟ್ 13
ನಕ್ಷೆಗೆ ಸುಣ್ಣ ಹೊಡೆಸಿದೆ. ಅದು ಖಣಿ, ಹತ್ತಿರ ಸುಳಿಯಬೇಡಿ ಎಂದು ಪ್ರತಿ ಕ್ಲಾಸಿಗೂ ಹೋಗಿ ಹೇಳಿದೆ. ಹುಮೇರಾಳ ಮನೆಯವರಿಗೂ ನಿಜ ಹೇಳುತ್ತೇನೆ ಎಂದಾಗ ಅಶೋಕಕುಮಾರ ಸರ್ ಬಾಗಿಲು ಮುಂದೆ ಮಾಡಿದರು.

"ನಕ್ಷಿ ಸುದ್ದಿ ಯಾರೂ ಎತ್ತಿಲ್ಲ. ಹುಡುಗಿ ಆಡ್ಲಿಕ್ಕ ಹೋಗಿತ್ತು, ಬಿತ್ತು. ನೀವ್ಯಾಕ ಮೈಮ್ಯಾಲ ಎಳಕೋತೀರಿ, ಧನಶ್ರೀ ಮೇಡಂ?"

ನಿರಾಳವಾಯಿತು. ನಿರಾಳವಾದದ್ದಕ್ಕೆ ನಾಚಿಕೆಯೂ ಆಯಿತು. ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಆಗಸ್ಟ್ 22
ಹುಮೇರಾ ಆಸ್ಪತ್ರೆಯಿಂದ ಬಂದು ಐದು ದಿನ. ಶಾಲೆಗೆ ಬಂದಿಲ್ಲ. ಸಂಜೆ ಮನೆಗೇ ಹೋದೆ. "ಬರ್ರಿ ಟೀಚರ್, ಕುಂದ್ರಿ" ಎಂದು ಅವಳ ತಾಯಿ ಚಾಪೆ ಹಾಸಿ ಚಹಾ ಕೊಟ್ಟರು.

"ಇನ್ನ ಶಾಲಿಗಿ ಕಳಸಂಗಿಲ್ರಿ. ಯಾರ ಮಾತೂ ಕೇಳಂಗಿಲ್ಲ ಇಕಿ. ನಿಮ್ಮ ಮಾತಾದ್ರೂ ಕೇಳಿದ್ರ ನೀರಿಗಿ ಇಳೀತಿದ್ಲೇನು?"

ಹುಮೇರಾ ತಲೆ ತಗ್ಗಿಸಿ ಕೂತಿದ್ದಳು. ನನ್ನ ಹೆಸರು ಮನೆಯಲ್ಲಿ ಇನ್ನೂ ಹೇಳಿಯೇ ಇಲ್ಲ!

ಚಹಾ ಕೆಳಗಿಟ್ಟೆ.

"ಕೇಳ್ಯಾಳ್ರಿ. ನನ್ನ ಮಾತು ಕೇಳೇ ಇಳದಾಳ. ನಾನೇ..."