ಅಜ್ಜನ ಪಕ್ಕ ಲಿಯೊನಾರ್ಡೊಗೂ ಎಡೆ

ಆಯಿ,

ಈ ಕಾರ್ಡಿನ ಮುಂಬದಿಯಲ್ಲಿರುವ ಗಡ್ಡದ ಮುದುಕ ಲಿಯೊನಾರ್ಡೊ ಡಾ ವಿಂಚಿ, ಚಿತ್ರ ಬರೆಯುವ ನಮ್ಮ ಚಾಟ್ ಗ್ರೂಪಿನವರ ಹೀರೊ. ಇಟಲಿ ಬಿಟ್ಟು ಫ್ರಾನ್ಸಿಗೆ ಹೋದವನು ಐನೂರು ವರ್ಷದ ಹಿಂದೆ ಅಲ್ಲೇ ತೀರಿಕೊಂಡ. ಹೆಂಡತಿ ಮಕ್ಕಳು ಇರಲಿಲ್ಲ. ಇಂಥದೇ ಇನ್ನೊಂದು ಕಾರ್ಡನ್ನು ನಿನ್ನೆ ಮಹಾನವಮಿ ಅಮಾವಾಸ್ಯೆಯ ಹಿರಿಯರ ಪೂಜೆಗೆ ಅಜ್ಜನ ಫೋಟೋ ಪಕ್ಕ ಇಟ್ಟು, ಇವನಿಗೂ ಎಡೆ ಹಾಕು ಎಂದು ಅವ್ವನಿಗೆ ಗಂಟುಬಿದ್ದೆ.

"ಯಾವ ಊರಾವನ್ನೋ ತಂದು ಹಿರೇರ ಸಾಲಿನ್ಯಾಗ ಕುಂದ್ರಸ್ತೀಯೇನ? ತಗಿ" ಎಂದಳು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಊಟಕ್ಕೆ ಬಂದ ಪಕ್ಕದ ಫ್ಲ್ಯಾಟಿನ ಗುರುಪಾದಪ್ಪ ಕಾಕಾ ಆ ಕಾರ್ಡಿಗೂ ಕೈಮುಗಿದರು. "ಗಡ್ಡ ನೋಡಿದ್ರ ಸ್ವಾಮಿಗಳಿದ್ದಂಗ ಅದಾರ. ನಿಮ್ಮ ಮುತ್ತಜ್ಜಾರೇನ್ರಿ?"

ಅವ್ವ ನಕ್ಕು ನನ್ನ ಕಿವಿಯಲ್ಲಿ ಕೇಳಿದಳು, "ಮಾಂಸ ತಿಂತಿದ್ದನೇನ?"

"ಮುಟ್ತಿರಲಿಲ್ಲಂತವ್ವಾ."

ಅವಳು ಇನ್ನೊಂದು ಬಾಳೆಲೆ ಹಾಸಿ ಹೋಳಿಗೆ ಬಡಿಸಿದಳು. "ಪರದೇಶದಾಗ ಸತ್ತಾನ, ಎಡಿ ಇಡೋರು ಯಾರದಾರ? ಉಣ್ಣಲಿ."

ನಿನ್ನ ಮೊಣಕಾಲಿನ ಮುಲಾಮು ಊರಿಗೆ ಬರುತ್ತಿರುವ ಸೂರಜ ಮಾಮಾನ ಕೈಯಲ್ಲಿ ಕಳಿಸಿದ್ದೇವೆ, ದಿನಾ ಹಚ್ಚಿಕೋ. ಬೇಜಾರು ಮಾಡಿಕೊಳ್ಳಬೇಡ ಆಯಿ, ಅಜ್ಜನ ಹೋಳಿಗೆಗೆ ತುಪ್ಪ ಒಂದು ಚಮಚ ಜಾಸ್ತಿನೇ ಹಾಕಿದ್ದೇವೆ. ಜಾಗ ಮುಗಿಯಿತು.

ನಿನ್ನ ನೀಲಾಂಬಿಕಾ
ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ