ದೇವರಿಗೆ ಅಡ್ಡವಿದ್ದ ಗೋಡೆ

ಮೌಂಟ್ ರಾಸ್ಕಿಲ್
14-6-2006

ನಮ್ಮ ಪ್ರಾಚಿಗೆ ಕಟ್ಟಡವಿದ್ಯೆ ಕಲಿಸುವ ಮೇಡಂ ಅವರಿಗೆ, ಅವಳ ಕಾಕಾ ಬಸಲಿಂಗಪ್ಪನ ನಮಸ್ಕಾರಗಳು. ಇದನ್ನು ಅವಳ ಅವ್ವ ಇಂಗ್ಲಿಷ್ ಮಾಡಿಕೊಡುತ್ತಾರೆ.

ಸ್ಪೇನಿನವರು ಮೆಕ್ಸಿಕೋದಲ್ಲಿ ಕಟ್ಟಿಸಿದ ಚರ್ಚನ್ನು ನೋಡಿ ಅವಳು ಮಾಡಿದ ರಟ್ಟಿನ ಮಾದರಿ ಕೆಡಿಸಿದವನು ನಾನು. ಬಾಗಿಲಲ್ಲಿ ಇಣುಕಿದರೆ ಪೂಜಾಪೀಠವೇ ಕಾಣದು. ನಡುವೆ ಹಾಡುವವರ ಕೋಣೆಯ ಗೋಡೆ. ನಮ್ಮೂರ ಗುಡಿಯಲ್ಲಿ ನಂದಿಗೂ ಲಿಂಗಕ್ಕೂ ನಡುವೆ ಯಾರೂ ಹಾಯುವುದಿಲ್ಲ. ಹುಡುಗಿ ತಪ್ಪಿದ್ದಾಳೆಂದು, ಅವಳು ಸ್ನಾನಕ್ಕೆ ಹೋದಾಗ ಗೋಡೆ ಕಿತ್ತು, ಪೀಠವನ್ನು ಮುಂದಕ್ಕೆ ಅಂಟಿಸಿದೆ. ಕೆಲಸ ಅಚ್ಚುಕಟ್ಟಾಗಿತ್ತು, ನೀವೇ ನೋಡಿದ್ದೀರಿ. ಅವಳು ಮಾತ್ರ ನೋಡದೆ ತಂದೊಪ್ಪಿಸಿದಳು.

"ಕಾಕಾ, ದಿ ವಾಲ್ ಈಸ್ ಕರೆಕ್ಟ್," ಅಂದಳು ಮನೆಗೆ ಬಂದು.

"ಹಂಗಾದ್ರ ಆ ದೇವರು ಅಡಗಿ ಕೂಡ್ತಾನೇನವಾ?" ಅಂದೆ. ಅವಳು ನಗಲಿಲ್ಲ.

ಗೋಡೆ ಈ ಲಕೋಟೆಯಲ್ಲಿದೆ. ಅಂಕ ಕಡಿಯಲೇಬೇಕಿದ್ದರೆ ನನ್ನವು ಕಡಿಯಿರಿ. ಏಳನೆಯ ಇಯತ್ತೆಯನ್ನು ಎರಡು ಸಲ ಓದಿದವನು ನಾನು, ತಡೆದುಕೊಳ್ಳುತ್ತೇನೆ. ಅವಳಿಗೆ ಅಭ್ಯಾಸವಿಲ್ಲ.

ತಮ್ಮ ವಿಶ್ವಾಸಿ,
ಬಸಲಿಂಗಪ್ಪ